ನೀರಿನ ಮಂತ್ರಿಯ ಮೇಲೆ ಅವಿಶ್ವಾಸ

ಪೌರನೀತಿಯನ್ನು ಬಾಯಿಪಾಠ ಮಾಡಿಸಿದರೆ ಏನಾಗುತ್ತದೆ ಎಂಬುದನ್ನು ಕಸ್ತೂರಿಬಾಯಿ ಟೀಚರು ಕಣ್ಣಾರೆ ಕಂಡಿದ್ದರು. 'ಸಾರ್ವಜನಿಕ ಸ್ಥಳಗಳಲ್ಲಿ ಉಗುಳಬಾರದು' ಎಂದು ಎದ್ದು ನಿಂತು, ಗಂಟಲು ಹರಿಯುವಂತೆ ಒಪ್ಪಿಸಿದ ಹುಡುಗನೊಬ್ಬ ಕೂತ ಮರುಗಳಿಗೆಯಲ್ಲೇ ಕಿಟಕಿಯಾಚೆ ಥೂ ಎಂದು ಉಗುಳಿದ್ದ. ಕೆಳಗಿನ ಮಹಡಿಯ ಮರಾಠಿ ಶಾಲೆಯ ಹೆಡ್‌ಮಾಸ್ತರರು ಸರಿಯಾಗಿ ಆಗಲೇ ಅಂಗಳ ದಾಟುತ್ತಿದ್ದರು. ಆಮೇಲೆ ನಡೆದದ್ದನ್ನು ಬರೆಯದಿರುವುದೇ ಲೇಸು.

ಅವತ್ತೇ ಅವರು ನಿಶ್ಚಯಿಸಿದರು. ಪುಸ್ತಕದ ಬದನೆಕಾಯಿ ಸಾಕು, ಇನ್ನು ಮಕ್ಕಳು ಮಾಡಿ ಕಲಿಯಲಿ. ಎಪ್ಪತ್ತೆರಡರ ಚುನಾವಣೆಯ ಗೋಡೆಬರಹಗಳು ಸಾಂತಾಕ್ರೂಜ್ ತುಂಬ ಇನ್ನೂ ಹಾಗೇ ಇದ್ದವು. ಅದೇ ಹುರುಪಿನಲ್ಲಿ ವಾಕೋಲಾದ ಆ ಮುನಿಸಿಪಲ್ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಗೂ ಒಂದು ಮಂತ್ರಿಮಂಡಲ ಬಂತು. ಮುಖ್ಯಮಂತ್ರಿ, ಸ್ವಚ್ಛತೆಯ ಮಂತ್ರಿ, ಆಟದ ಮಂತ್ರಿ, ನೀರಿನ ಮಂತ್ರಿ. ಎಲ್ಲರೂ ಚಡ್ಡಿ ಲಂಗಗಳ ವಯಸ್ಸಿನವರು, ಕೆಲವರಿಗೆ ಮೂಗು ಒರೆಸಿಕೊಳ್ಳಲು ಕಲಿಸುವುದೂ ಬಾಕಿ ಇತ್ತು. ಆದರೂ ಕರಿಹಲಗೆಯ ಹಿಂದೆ ಒಬ್ಬೊಬ್ಬರೇ ಹೋಗಿ, ಬಿಸ್ಕೀಟಿನ ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಗುಟ್ಟಾಗಿ ಆರಿಸಿದ ಸರ್ಕಾರ ಅದು. ನಿಮ್ಮ ನಮ್ಮ ಸರ್ಕಾರಕ್ಕಿಂತ ಅದರಲ್ಲಿ ಮೋಸ ಕಡಿಮೆ.

ಕನ್ನಡ ಶಾಲೆಯ ಹೆಡ್‌ಮಾಸ್ತರ ಚನ್ನಬಸಯ್ಯನವರು ಮಾತ್ರ ಮೂಗು ಮುರಿದಿದ್ದರು. "ಕಸ್ತೂರಿಬಾಯಿಯವರ, ಮಗ್ಗಿ ಬರೂದಿಲ್ಲ ಅವಕ್ಕ. ಮಂತ್ರಿಗಿರಿ ಯಾಕ ಬೇಕಾಗೇದ?" 

"ಮಗ್ಗಿ ಬಾರದ ಮಂತ್ರಿಗಳು ಮೊದಲಿಂದಾನೂ ಇದ್ದಾರಲ್ರಿ ಸರ್," ಎಂದಿದ್ದರು ಕಸ್ತೂರಿಬಾಯಿ. ಧಾರವಾಡದ ಹೆಣ್ಣುಮಗಳು. ಮಾಟುಂಗಾ ರೋಡಿನಿಂದ ದಿನಾ ಬೆಳಗಿನ ಲೋಕಲ್ಲಿನ ನೂಕುನುಗ್ಗಲಲ್ಲಿ ಬರುವವರು. ಅಂಥವರ ಬಾಯಿಗೆ ಸಿಕ್ಕಿಕೊಂಡು ಚನ್ನಬಸಯ್ಯನವರು ಎಂದೂ ಗೆದ್ದವರಲ್ಲ.

ಎಲ್ಲ ಖಾತೆಗಳಲ್ಲಿ ನೀರಿನ ಖಾತೆಗೇ ದೊಡ್ಡ ಪೈಪೋಟಿ. ತರಗತಿಯ ಮೂಲೆಯ ಗಡಿಗೆಯನ್ನು ದಿನಾ ತೊಳೆದು ತುಂಬಿಸಬೇಕು. ಯಾರೂ ಒಳಗೆ ಕೈ ಅದ್ದದಂತೆ, ಉದ್ದ ಹಿಡಿಕೆಯ ಸೌಟಿನಿಂದಲೇ ನೀರು ತೆಗೆದುಕೊಳ್ಳುವಂತೆ ನೋಡಿಕೊಳ್ಳಬೇಕು. ಒಂದು ಕಡೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಕ್ಯಾಶಿಯರ್ ಮೋನಪ್ಪನ ಮಗಳು ಮೋಹಿನಿ ನಿಂತಳು. ಎರಡು ಜಡೆಯ ಜಾಣೆ, ಭಾಷಣವನ್ನು ಬರೆದುಕೊಂಡೇ ಬಂದಿದ್ದಳು. ಇನ್ನೊಂದು ಕಡೆ ಚಂದ್ರವ್ವ. ಬಿಜಾಪುರ ಸೀಮೆಯಿಂದ ಬಂದ ಗೌಂಡಿ ಗದಿಗೆಪ್ಪನ ಮಗಳು, ಏಳುತ್ತಿದ್ದ ಬಿಲ್ಡಿಂಗಿನ ಹಿಂದಿನ ತಗಡಿನ ಶೆಡ್ಡುಗಳ ಕ್ಯಾಂಪಿನವಳು. ಅವಳ ಭಾಷಣ ಒಂದೇ ಸಾಲು. "ನಂಗ ವೋಟ ಹಾಕ್ರಿ. ಗಡಿಗ್ಯಾಗ ಕೈ ಹಾಕಿದವ್ರ ಕೈಮ್ಯಾಲೆ ಸೌಟಿಲೆ ಕೊಡ್ತೀನಿ."

ಇಂಥ ಸ್ಪಷ್ಟ ಮಾತಿಗೆ ಯಾರು ಮರುಳಾಗುವುದಿಲ್ಲ? ಚಂದ್ರವ್ವ ಗೆದ್ದಳು. ಕ್ಯಾಂಪಿನ ಹುಡುಗಿ ಮುಟ್ಟಿದ ನೀರೆಂದು ಕೆಲವು ತಾಯಂದಿರು ಮನೆಯಿಂದ ಬಾಟಲಿ ಕಟ್ಟಿ ಕಳಿಸಿದ್ದೂ ಉಂಟು. ಮುಂಬೈಯ ಸೆಖೆಯಲ್ಲಿ ಬಾಟಲಿ ಎಷ್ಟು ಹೊತ್ತು ಬಂದೀತು? ಮಕ್ಕಳು ತಾವಾಗಿಯೇ ಗಡಿಗೆಗೆ ಬಂದರು, ಸೌಟಿನಿಂದಲೇ ಕುಡಿದರು. ಎದೆಯ ಮೇಲೆ ಕೆಂಪು ರಿಬ್ಬನ್ನು ಚುಚ್ಚಿಕೊಂಡ ನೀರಿನ ಮಂತ್ರಿ ಗಡಿಗೆಯ ಪಕ್ಕ ಕಾವಲು ನಿಂತಿರುತ್ತಿದ್ದಳು.

ಆ ರಿಬ್ಬನ್ನಿಗೆ ಶಾಲೆಯಾಚೆಯೂ ಒಂದು ಬೆಲೆ ಇತ್ತು. ದಸರೆ ಮುಗಿದೊಡನೆ ಮಗಳನ್ನು ಶಾಲೆ ಬಿಡಿಸಿ, ಸಾಂತಾಕ್ರೂಜ್ ಪಶ್ಚಿಮದ ಫ್ಲ್ಯಾಟೊಂದರಲ್ಲಿ ಮುಸುರೆ ತಿಕ್ಕಲು, ಕೂಸು ಆಡಿಸಲು ಇಡುವುದೆಂದು ಗದಿಗೆಪ್ಪ ಮಾತು ಕೊಟ್ಟಾಗಿತ್ತು. ಅಷ್ಟರಲ್ಲಿ ಈ ಸುದ್ದಿ. ಅವನು ತಲೆಗೆ ಪಟಗ ಸುತ್ತಿಕೊಂಡು ನೇರ ಶಾಲೆಗೇ ಬಂದಿದ್ದ.

"ಅಕ್ಕಾರ, ಇದು ಖರೇನ್ರಿ? ನಮ್ಮ ಚಂದ್ರೀನ ಆರಿಸ್ಯಾರ?" 

"ಖರೇನ ನೋಡ್ರಿ ಗದಿಗೆಪ್ಪ. ಹುಡುಗೂರ ವೋಟು ಹಾಕಿ ಆರಿಸ್ಯಾರ."

ಗದಿಗೆಪ್ಪನೇನು ದಡ್ಡನಲ್ಲ, ಇದು ವಿಧಾನಸಭೆಯಲ್ಲವೆಂದು ಅವನಿಗೂ ಗೊತ್ತು. ಆದರೆ ಅವನ ಮನೆತನದಲ್ಲಿ ಯಾರನ್ನೂ ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಕೂಲಿಗೆ ಮುಕಾದಮ ಕರೆದರೆ ಹೋಗುವುದು, ಬೇಡವೆಂದರೆ ಬಿಡುವುದು, ಅಷ್ಟೇ. "ಹಂಗಾರ ಮಂತ್ರಿ ಇರೂತನಾ ಸಾಲಿ ಇರಲಿ," ಎಂದು ಅವನು ಫ್ಲ್ಯಾಟಿನ ಮಾತನ್ನು ಅಲ್ಲಿಗೇ ಬಿಟ್ಟ. ಕ್ಯಾಂಪಿನಲ್ಲಿ ಜನ ಅವನನ್ನು ಮಂತ್ರಿಯಪ್ಪಾ ಎಂದು ಕರೆದರು. ಅವನೂ ಓ ಎಂದ.

ಆ ವರ್ಷ ಮಳೆ ಕೈಕೊಟ್ಟಿತು, ಕೆರೆಗಳು ತಳ ಕಂಡವು, ಊರಿಗೆಲ್ಲ ನೀರಿನ ಕಡಿತ ಬಂತು. ಕ್ಯಾಂಪಿನ ನಳಕ್ಕೆ ಕೋಳಿ ಕೂಗುವ ಹೊತ್ತಿಗೆ ಬರುತ್ತಿದ್ದ ನೀರು ಒಂಬತ್ತರ ಮೇಲೆ ಬರತೊಡಗಿತು. ಆ ನಳದ ರೀತಿಯೇ ಬೇರೆ. ರಾತ್ರಿಯೇ ಕೊಡ ಇಟ್ಟು ಪಾಳಿ ಹಿಡಿಯಬಹುದು, ಕೊಡವನ್ನು ಯಾರೂ ಮುಟ್ಟುವುದಿಲ್ಲ. ಆದರೆ ನೀರು ಬಂದಾಗ ಆ ಮನೆಯ ಹೆಣ್ಣು ಕೊಡದ ಹಿಂದೆ ನಿಂತಿರಬೇಕು. ಇಲ್ಲವೋ, ಕೊಡ ಪಕ್ಕಕ್ಕೆ ಉರುಳಿತೆಂದೇ ಲೆಕ್ಕ. ಚಂದ್ರವ್ವನ ತಾಯಿ ಭಾಗವ್ವ ಆ ಹೊತ್ತಿಗೆ ಮೇಲಿನ ಮಹಡಿಗೆ ಗಾರೆ ಹೊರುತ್ತಿರುತ್ತಾಳೆ. ಗಂಡಸು ನಳಕ್ಕೆ ಬರುವ ಮಾತೇ ಇಲ್ಲ, ಬಂದರೆ ಊರೆಲ್ಲ ನಕ್ಕೀತು. ಉಳಿದವಳು ಚಂದ್ರವ್ವ. ಶಾಲೆಯೋ ಬೆಳಗಿನ ಪಾಳಿಯದು.

ಹೀಗೆ ಮನೆಯ ಕೊಡ ತುಂಬಿತು, ತರಗತಿಯ ಗಡಿಗೆ ಒಣಗಿತು. ನೀರಿನ ಮಂತ್ರಿ ಸೋಮವಾರದಿಂದ ಪತ್ತೆಯಿಲ್ಲ.

ಶುಕ್ರವಾರ ಮೋಹಿನಿ ಎದ್ದು ನಿಂತಳು. "ಟೀಚರ್, ಗಡಿಗೆ ಖಾಲಿ ಉಂಟು. ಹೇಳದೆ ಕೇಳದೆ ಐದು ದಿನ ಬಾರದ ಮಂತ್ರಿಯನ್ನು ಕ್ಲಾಸು ತೆಗೆಯಬಹುದು ಅಂತ ನಾವೇ ನಿಯಮ ಮಾಡಿದ್ದಲ್ವಾ? ನಾನು ಅವಿಶ್ವಾಸ ತರ್ತೇನೆ."

ಕಸ್ತೂರಿಬಾಯಿ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು. ಆ ನಿಯಮ ಬರೆಯುವಾಗ ಎಲ್ಲರಿಗಿಂತ ಎತ್ತರ ಕೈ ಎತ್ತಿದವಳು ಚಂದ್ರವ್ವನೇ. ಅವಿಶ್ವಾಸ ಎಂಬ ಶಬ್ದವನ್ನು ಬಿಡಿಸಿ ಹೇಳಿಕೊಟ್ಟವರು ತಾವೇ. "ಆಗಲಿ, ನಾಳೆ ಸಭಾ ಕೂಡಸೋಣ. ಆದ್ರ ಆರೋಪ ಹೊತ್ತವಳ ಮಾತೂ ಕೇಳಬೇಕು," ಎಂದರು. ಬೇರೆ ಏನು ಹೇಳಿಯಾರು?

ಶಾಲೆ ಬಿಟ್ಟೊಡನೆ ಕ್ಯಾಂಪಿಗೆ ನಡೆದರು. ಶೆಡ್ಡಿನ ಮುಂದೆ ಚಂದ್ರವ್ವ ತಮ್ಮನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಕ್ಕಾರನ್ನು ಕಂಡದ್ದೇ ಎದ್ದು, ಅಂಗಿಗೆ ಚುಚ್ಚಿದ್ದ ರಿಬ್ಬನ್ನನ್ನು ಅಂಗೈಯಿಂದ ಮುಚ್ಚಿಕೊಂಡಳು. ಹುಚ್ಚು ಹುಡುಗಿ, ನಳಕ್ಕೂ ಅದನ್ನು ಚುಚ್ಚಿಕೊಂಡೇ ಹೋಗುತ್ತಿದ್ದಳೇನೋ. ಊಟದ ಬಿಡುವಿಗೆ ಇಳಿದು ಬಂದಿದ್ದ ಗದಿಗೆಪ್ಪ ರೊಟ್ಟಿ ಬಿಟ್ಟು ಎದ್ದ. ಭಾಗವ್ವ ಸೆರಗು ಸರಿಮಾಡಿಕೊಂಡು ನೀರು ತಂದಿಟ್ಟಳು. ಆ ನೀರನ್ನು ಕುಡಿಯಲು ಕಸ್ತೂರಿಬಾಯಿಗೆ ಮನಸ್ಸೇ ಬರಲಿಲ್ಲ, ಕುಡಿಯದಿದ್ದರೆ ತಪ್ಪಾದೀತೆಂದು ಕುಡಿದರು.

ವಿಷಯ ತಿಳಿದ ಗದಿಗೆಪ್ಪನ ಮುಖ ಕಪ್ಪಿಟ್ಟಿತು. "ತಗದ ಬಿಡ್ತಾರೇನ್ರಿ?"

"ಅದು ನನ್ನ ಕೈಯಾಗಿಲ್ಲ. ಹುಡುಗೂರ ಕೈಯಾಗದ."

"ತಗದ್ರಂದ್ರ ನಾನೂ ತಗೀತೀನ್ರಿ. ಸೋತ ಮಾರಿ ಇಟಗೊಂಡು ಆಕಿ ಯಾಕ ಹೋಗಬೇಕು? ನಾಕ ಮಂದ್ಯಾಗ ನನ್ನ ಮರ್ಯಾದಿ ಏನಾತು? ಆ ಫ್ಲ್ಯಾಟಿನಾಕಿ ಇನ್ನೂ ಕೇಳಾಕತ್ತಾಳ. ಸೋಮವಾರದಿಂದ ಅಲ್ಲೇ ಹೋಗ್ಲಿ."

"ಮಂತ್ರಿಗಿರಿಗೂ ಸಾಲಿಗೂ ಏನ ಸಂಬಂಧ ಗದಿಗೆಪ್ಪ?" 

"ನಮಗ ಅದ ಸಂಬಂಧರಿ," ಎಂದನವನು. ಭಾಗವ್ವ ಗಂಡನ ಮುಖ ನೋಡಿ, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಚಂದ್ರವ್ವ ಮಾತ್ರ, "ಮೋಹಿನಿ ಏನಂದ್ಳ್ರಿ ಅಕ್ಕಾರ? ಖರೇನ ಅವಿಶ್ವಾಸ ಅಂದ್ಳ? ಆ ಶಬ್ದ ಪೂರಾ ಅಂದ್ಳ?" ಎಂದು ಕೇಳಿದಳು. ಅದನ್ನು ಕೇಳಿ ಕಸ್ತೂರಿಬಾಯಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಚನ್ನಬಸಯ್ಯನವರು ಎಲ್ಲ ಕೇಳಿಸಿಕೊಂಡು ಹಾಜರಿ ಪುಸ್ತಕವನ್ನು ಮುಂದೆ ತಳ್ಳಿದರು. ಎಂಥ ಮನುಷ್ಯನ ಎದೆಯಲ್ಲೂ ಒಂದು ಮೆತ್ತನೆಯ ಜಾಗ ಇರುತ್ತದಲ್ಲ! "ಒಂದು ದಿನ ಹಾಜರ್ ಅಂತ ಹಾಕಿ ಬಿಡ್ರಿ. ಐದು ದಿನ ತುಂಬಲಿಲ್ಲ, ನಿಯಮಾ ಹತ್ತಲಿಲ್ಲ. ಹುಡುಗಿ ಉಳೀತಾಳ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಆಕಿ ಬಂದಿಲ್ಲಂತ ಇಡೀ ಕ್ಲಾಸಿಗೆ ಗೊತ್ತದ ಸರ್. ಬಂದಾಳಂತ ನಾ ಬರದ್ರ, ಇಷ್ಟು ದಿವಸ ಕಲಿಸಿದ್ದು ಹೊಳ್ಯಾಗ ಹುಣಸೇಹಣ್ಣು ತೊಳದಂಗ." 

"ಹಂಗಾದ್ರ ಹುಡುಗೀನ್ನ ಕಳಕೋರಿ," ಎಂದರು ಚನ್ನಬಸಯ್ಯನವರು. ಬಿಸಿತುಪ್ಪ, ಉಗುಳುವಂತಿಲ್ಲ ನುಂಗುವಂತಿಲ್ಲ. ಕಸ್ತೂರಿಬಾಯಿ ಪುಸ್ತಕವನ್ನು ಮುಟ್ಟದೆ ಎದ್ದು ಬಂದರು.

ಸಭೆ ಕೂಡಿತು. ಮುಖ್ಯಮಂತ್ರಿ ಪರಪ್ಪ ಹಿತ್ತಾಳೆ ಗಂಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಾರಿಸಿದ. ಇದೊಂದೇ ದಿನವೆಂದು ಸಾಲಿನವರನ್ನು ಒಪ್ಪಿಸಿ, ನಳಕ್ಕೆ ಪಕ್ಕದ ಶೆಡ್ಡಿನವಳನ್ನು ನಿಲ್ಲಿಸಿ ಚಂದ್ರವ್ವ ಬಂದಿದ್ದಳು. ಅವಳ ಹಿಂದೆಯೇ ಬಂದ ಗದಿಗೆಪ್ಪ ಕೆಲಸ ಬಿಟ್ಟು, ಚಪ್ಪಲಿ ಕಳಚಿ, ಬಾಗಿಲ ಹೊರಗೆ ಕೈಕಟ್ಟಿ ನಿಂತ. ಮಗಳನ್ನು ಕರೆದೊಯ್ಯಲೆಂದೇ ಬಂದವನು ಎಂಬುದು ಅವನ ನಿಲುವಿನಲ್ಲೇ ಕಾಣುತ್ತಿತ್ತು.

ಮೋಹಿನಿ ತನ್ನ ಆರೋಪ ಹೇಳಿದಳು. ಅದರಲ್ಲಿ ಸುಳ್ಳು ಒಂದಿಷ್ಟೂ ಇರಲಿಲ್ಲ. ಆಮೇಲೆ ಚಂದ್ರವ್ವ ಎದ್ದಳು.

"ನಾ ಬರಲಿಲ್ಲ, ಖರೆ. ನಮ್ಮ ಕ್ಯಾಂಪಿನ ನಳಕ್ಕ ಈಗ ಒಂಬತ್ತಕ್ಕ ನೀರ ಬರತೈತಿ. ನಾ ನಿಂದರದಿದ್ರ ಮನಿಗಿ ನೀರಿಲ್ಲ."

"ಹೇಳ್ಬಹುದಿತ್ತಲ್ಲ ಮಾರಾಯ್ತಿ?" ಮೋಹಿನಿಯ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ಒಂದು ಮಾತು ಹೇಳಿದ್ದರೆ ಗಡಿಗೆ ನಾವು ಪಾಳಿಯಲ್ಲಿ ತುಂಬ್ತಿದ್ದೆವು. ಒಂದು ವಾರ ಮಕ್ಕಳು ಬಾಯಾರಿ ಕೂತಿದ್ದಾರೆ."

ಚಂದ್ರವ್ವ ತಲೆ ತಗ್ಗಿಸಿದಳು. "ನಾ ನೀರಿನ ಮಂತ್ರಿ. ನಮ್ಮ ಮನ್ಯಾಗ ನೀರಿಲ್ಲಂತ ಹೆಂಗ ಹೇಳ್ಲಿ? ನಾಚಿಕಿ ಬಂತು."

ಎಷ್ಟು ಮಕ್ಕಳ ಮನೆಯಲ್ಲಿ ಎಂಥೆಂಥ ನಾಚಿಕೆಗಳಿದ್ದವೋ, ಒಬ್ಬರೂ ನಗಲಿಲ್ಲ. ಪರಪ್ಪನಿಗೂ ಗಂಟೆ ಬಾರಿಸುವುದು ಮರೆತುಹೋಯಿತು. ಕೊನೆಗೆ ಅವನೇ ಕೇಳಿದ. "ಮುಂದಿನ ವಾರ ಬರ್ತೀಯೇನ?"

ಚಂದ್ರವ್ವ ಬಾಗಿಲ ಕಡೆ ನೋಡಿದಳು. "ಗೊತ್ತಿಲ್ಲ."

ಮತದಾನ ಶುರುವಾಯಿತು. ಕರಿಹಲಗೆಯ ಹಿಂದೆ ಎರಡು ಡಬ್ಬಿ. ನೀಲಿ ಡಬ್ಬಿಗೆ ಬೀಜ ಬಿದ್ದರೆ ಮಂತ್ರಿ ಉಳಿಯಲಿ ಎಂದರ್ಥ, ಕೆಂಪಿಗೆ ಬಿದ್ದರೆ ಬೇಡ ಎಂದರ್ಥ. ಮಕ್ಕಳು ಸಾಲಾಗಿ ಹೋದರು, ತಳ್ಳಾಟವಿಲ್ಲದೆ. ಪೌರನೀತಿಯ ಇನ್ನಾವುದೇ ದಿನವಾಗಿದ್ದರೆ ಕಸ್ತೂರಿಬಾಯಿ ಆ ಸಾಲನ್ನು ನೋಡಿ ಹಿಗ್ಗುತ್ತಿದ್ದರು.

ಎಣಿಕೆ ಅವರದೇ ಕೆಲಸ. ತರಗತಿಗೆ ಬೆನ್ನು ಮಾಡಿ, ಮೇಜಿನ ಮೇಲೆ ಬೀಜ ಸುರಿದು ನೋಡಿದರು. ಕೆಂಪಿನ ಗುಂಪು ದೊಡ್ಡದು. ಬಹಳ ಅಲ್ಲ, ಒಂದು ಹಿಡಿಯಷ್ಟೇ. ಒಂದು ಹಿಡಿ! ಅಷ್ಟನ್ನು ಆಚೆಯಿಂದ ಈಚೆಗೆ ಸರಿಸಿದರೆ ಒಂದು ಹುಡುಗಿ ಪರರ ಮನೆಯ ಮುಸುರೆಯಿಂದ ಉಳಿಯುತ್ತಾಳೆ. ಯಾರು ನೋಡುತ್ತಾರೆ? ಕೈ ತಾನಾಗಿಯೇ ಹೋಯಿತು. ಬೀಜಗಳು ಮುಷ್ಟಿಯೊಳಗೆ ಬಂದವು.

ಹಿಂದೆ ಒಂದು ಪಿಸುಮಾತೂ ಇರಲಿಲ್ಲ. ಎದ್ದು ಬಂದು ಇಣುಕಿದವರಿಲ್ಲ, ಅಕ್ಕಾರೇ ನಮಗೂ ತೋರಿಸಿ ಎಂದವರಿಲ್ಲ. ಅವರ ಬೆನ್ನನ್ನೂ ನಂಬಿ ಕೂತ ಮಕ್ಕಳು. ಕಸ್ತೂರಿಬಾಯಿ ಮುಷ್ಟಿ ಬಿಚ್ಚಿದರು, ಬೀಜಗಳನ್ನು ಇದ್ದಲ್ಲಿಗೇ ಹಾಕಿದರು. ತಮ್ಮ ಮೇಲೆ ತಮಗೇ ಸಿಟ್ಟು ಬಂತು, ಆ ನಿಯಮದ ಮೇಲೆ ಬಂತು, ಮಳೆಯ ಮೇಲೂ ಬಂತು. ತಿರುಗಿ ನಿಂತು ಹೇಳಿದರು.

"ಅವಿಶ್ವಾಸ ಗೆದ್ದದ. ಚಂದ್ರವ್ವ ಇನ್ನು ಮಂತ್ರಿ ಅಲ್ಲ. ಮೋಹಿನಿ ಚುನಾವಣಿಯೊಳಗ ಎರಡನೇದಾಕಿ ಇದ್ದಳು. ನಿಯಮದ ಪ್ರಕಾರ ಖಾತೆ ಆಕಿಗೆ."

ಚಪ್ಪಾಳೆ ಬೀಳಲಿಲ್ಲ. ಗೆದ್ದ ಮೋಹಿನಿಯೇ ಅಳುಮೋರೆ ಮಾಡಿಕೊಂಡಿದ್ದಳು. ಚಂದ್ರವ್ವ ಎದ್ದು ಹೋಗಿ, ತನ್ನ ಅಂಗಿಯ ಪಿನ್ನು ಬಿಚ್ಚಿ, ರಿಬ್ಬನ್ನನ್ನು ಮೋಹಿನಿಯ ಎದೆಗೆ ಚುಚ್ಚಿದಳು. ಪಿನ್ನು ಬಟ್ಟೆಗೆ ಇಳಿಯಲು ತಡವಾಯಿತು. 

"ನೀನು ನನ್ನ ಉಪಮಂತ್ರಿ ಆಗ್ತಿಯಾ?" ಎಂದು ಮೋಹಿನಿ ಮೆಲ್ಲಗೆ ಕೇಳಿದಳು. 

"ಬ್ಯಾಡ. ಆರಿಸಿ ಬರ್ತೀನಿ," ಎಂದಳು ಚಂದ್ರವ್ವ.

ಗದಿಗೆಪ್ಪ ಹೊಸ್ತಿಲಿಗೆ ಬಂದ. "ನಡಿಯವ್ವಾ. ಆತಲ್ಲ." 

"ಎಲ್ಲಿಗಿ ಎಪ್ಪಾ?" 

"ಮನಿಗಿ. ಮಂತ್ರಿಗಿರಿ ಹೋತು."

"ಮಂತ್ರಿಗಿರಿ ಹೋತು. ಸಾಲಿ ಎಲ್ಲಿ ಹೋಗೇತಿ?" ಚಂದ್ರವ್ವ ಅಪ್ಪನನ್ನು ನಿಜವಾಗಿಯೂ ಅರ್ಥವಾಗದೆ ನೋಡಿದಳು. "ಮೋಹಿನೀನೂ ಸೋತಿದ್ಳಪ್ಪಾ. ಆಕಿ ಸಾಲಿ ಬಿಟ್ಟಿದ್ಳೇನು? ಇಲ್ಲೇ ಕುಂತು ನನ್ನ ತಪ್ಪು ಹಿಡದ್ಳು. ಈಗ ನಾ ಇಲ್ಲೇ ಕುಂತು ಆಕಿ ತಪ್ಪು ಹಿಡೀತೀನಿ. ಸಂಕ್ರಾಂತಿ ಆದಮ್ಯಾಲೆ ಮತ್ತ ಚುನಾವಣಿ ಐತಿ. ಮತ್ತ ನಿಂದರತೀನಿ."

ಇಷ್ಟು ಹೇಳಿ ಅವಳು ಹೋಗಿ ಹಿಂದಿನ ಸಾಲಿನಲ್ಲಿ ತನ್ನ ಜಾಗದಲ್ಲಿ ಕೂತಳು.

ಕಸ್ತೂರಿಬಾಯಿ ಮೇಜಿನ ಅಂಚನ್ನು ಹಿಡಿದುಕೊಂಡರು. ಈ ಹುಡುಗಿಯನ್ನು ಶಾಲೆಗೆ ಕಟ್ಟಿ ಹಾಕಿರುವುದು ಆ ರಿಬ್ಬನ್ನು ಎಂದು ಅಪ್ಪನಂತೆಯೇ ತಾವೂ ನಂಬಿದ್ದರಲ್ಲ! ಸೋತವರು ಮನೆಗೆ ಹೋಗುವುದಿಲ್ಲ, ಎದುರಿನ ಬೆಂಚಿನಲ್ಲಿ ಕೂರುತ್ತಾರೆ. ಇದನ್ನೇ ಕಲಿಸಬೇಕೆಂದು ಹೊರಟವರು ತಾವು, ಆದರೆ ಕಲಿತವಳು ಅವಳೊಬ್ಬಳೇ. ಅವರ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡರು, ಮಕ್ಕಳು ಕಂಡರೆ ಕಾಣಲಿ ಎಂದುಕೊಂಡರು.

ಗದಿಗೆಪ್ಪ ಚಪ್ಪಲಿ ಮೆಟ್ಟಿಕೊಂಡು ಒಬ್ಬನೇ ಮೆಟ್ಟಿಲಿಳಿದು ಹೋದ. ಅವನು ಹೋದದ್ದು ಒಪ್ಪಿದ್ದಕ್ಕೋ ಸಿಟ್ಟಿಗೋ ಯಾರಿಗೆ ಗೊತ್ತು? ಭಾನುವಾರ ಇಡೀ ಕಸ್ತೂರಿಬಾಯಿಗೆ ಅದೇ ಯೋಚನೆ. ಸೋಮವಾರದಿಂದ ಫ್ಲ್ಯಾಟಿಗೆ ಎಂದಿದ್ದನಲ್ಲ ಗದಿಗೆಪ್ಪ.

ಸೋಮವಾರ ಹಾಜರಿ ಕರೆಯುವಾಗ ಆ ಹೆಸರು ಬಂದಲ್ಲಿ ಅವರ ದನಿ ಇಳಿಯಿತು. 

"ಹಾಜರ್ರೀ ಅಕ್ಕಾರ!" 

ಹಿಂದಿನ ಸಾಲಿನಲ್ಲಿ, ಎಣ್ಣೆ ಹಚ್ಚಿ ಬಿಗಿದು ಬಾಚಿದ ತಲೆ. ಗಡಿಗೆ ತುಂಬಿತ್ತು, ಮೋಹಿನಿ ಸೌಟು ಹಿಡಿದು ನಿಂತಿದ್ದಳು, ಚಂದ್ರವ್ವ ಅವಳನ್ನು ಹದ್ದಿನ ಕಣ್ಣಲ್ಲಿ ನೋಡುತ್ತಿದ್ದಳು. ಕಸ್ತೂರಿಬಾಯಿಗೆ ಹಿಗ್ಗಿನ ಹಿಂದೆಯೇ ದಿಗಿಲು. ಹಾಗಾದರೆ ನಳದಲ್ಲಿ ಯಾರು ನಿಂತಿದ್ದಾರೆ? ಭಾಗವ್ವ ಕೂಲಿ ಬಿಟ್ಟಳೇ? ಮನೆಗೆ ನೀರಿಲ್ಲದಿದ್ದರೆ ಇದು ಎಷ್ಟು ದಿನ ನಡೆದೀತು?

ಬಿಡುವಿನ ಗಂಟೆ ಹೊಡೆದದ್ದೇ ಅವರು ಕ್ಯಾಂಪಿನ ಕಡೆ ಓಡುನಡಿಗೆಯಲ್ಲಿ ಹೋದರು. ದೂರದಿಂದಲೇ ನಗೆ ಕೇಳಿಸಿತು. ನಳದ ಮುಂದೆ ಹೆಂಗಸರ ಉದ್ದ ಸಾಲು, ಹಿತ್ತಾಳೆ ಕೊಡ, ಡಾಲ್ಡಾ ಡಬ್ಬಿ. ಸಾಲಿನ ನಡುವೆ ಪಟಗ ಸುತ್ತಿದ ಒಂದು ತಲೆ. ಗಾರೆ ಮೆತ್ತಿದ ಕೈಯಲ್ಲಿ ಕೊಡದ ಕಂಠ ಹಿಡಿದು, ನೆಲ ನೋಡುತ್ತ ಗದಿಗೆಪ್ಪ ನಿಂತಿದ್ದ. ಮಧ್ಯಾಹ್ನದ ರೊಟ್ಟಿಯ ಬಿಡುವನ್ನು ಮುಕಾದಮನಿಗೆ ಬಿಟ್ಟುಕೊಟ್ಟು ಈ ಹೊತ್ತನ್ನು ಬೇಡಿ ಪಡೆದನೆಂದು ಭಾಗವ್ವ ಆಮೇಲೆ ಹೇಳಿದಳು.

"ಏನ ಮಂತ್ರಿಯಪ್ಪಾ," ಎಂದಳು ಹಿಂದಿನ ಮುದುಕಿಯೊಬ್ಬಳು, "ಮಗಳ ಮಂತ್ರಿಗಿರಿ ಹೋತಂತಲ್ಲ. ನಿನಗೂ ಒಂದ ಸೀರಿ ತಂದ ಉಡಸೂನೇನು?" 

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಗದಿಗೆಪ್ಪನ ಕಿವಿ ಕೆಂಪಾಯಿತು. ಆದರೆ ಅವನು ಸಾಲು ಬಿಡಲಿಲ್ಲ. ನಳ ಗೊರಗೊರ ಎಂದು ಉಸಿರು ಬಿಟ್ಟು ನೀರು ಸುರಿಸಿತು, ಪಾಳಿ ಸರಿಯಿತು, ಅವನು ಕೊಡವನ್ನು ಮುಂದಕ್ಕೆ ತಳ್ಳಿ ತಲೆ ಎತ್ತಿದ.

"ನಗ್ರೆವ್ವಾ, ನಗ್ರಿ. ನಮ್ಮ ಚಂದ್ರಿ ಸಂಕ್ರಾಂತಿಗಿ ಮತ್ತ ನಿಂದರಾಕಿ ಅದಾಳ. ಅಲ್ಲೀತನಾ ಆಕಿ ಸಾಲಿ ಹಾಜರಿ ತುಂಬಬೇಕು."